ಮಂಗಳವಾರದ ನೆಗಡಿ

ಪದೇ ಪದೇ ಕೈ ತೊಳೆದು ಸಿಸ್ಟರ್ ಅವರ ಬೆರಳಗಂಟುಗಳು ಬಿರುಕು ಬಿಟ್ಟಿದ್ದವು. ಕೊಬ್ಬರಿ ಎಣ್ಣೆ ಹಚ್ಚಿದರೂ ಮಾಯುತ್ತಿರಲಿಲ್ಲ.

ಅವರನ್ನು ನಾವು ಸಿಸ್ಟರ್ ಎಂದೇ ಕರೆಯುತ್ತಿದ್ದೆವು. ಹುಬ್ಬಳ್ಳಿಯ ಆ ಆಸ್ಪತ್ರೆಯಲ್ಲಿ ಒಬ್ಬರ ಸೋಂಕು ಇನ್ನೊಬ್ಬರಿಗೆ ಹರಡದಂತೆ ನೋಡಿಕೊಳ್ಳುವುದು ಅವರ ಕೆಲಸ. ನಾನು ಅಕ್ಕನ ಕಿಡ್ನಿ ಪಡೆದವನು. ಕಸಿಯಾದ ನಮ್ಮಂಥವರು ಮಂಗಳವಾರ ತಪಾಸಣೆಗೆ ಹೋಗಿ, ಕಿಟಕಿಯಿಲ್ಲದ ಕೋಣೆಯ ಒಂದೇ ಬೆಂಚಿನ ಮೇಲೆ ಕಾಯುತ್ತಿದ್ದೆವು. ನನ್ನ ಪಕ್ಕ ಯಾವಾಗಲೂ ಸುಳ್ಳ ಎಂಬ ಊರಿನ ಮಾಸ್ತರರು.

ಒಂದು ವಾರ ನಾನು, ಮಾಸ್ತರರು ಸೇರಿ ನಮ್ಮಲ್ಲಿ ನಾಲ್ವರು ಜ್ವರ ಬಂದು ಆಸ್ಪತ್ರೆ ಸೇರಿದೆವು. ಎಲ್ಲರಲ್ಲೂ ಒಂದೇ ವೈರಸ್. ಬೇರೆಯವರಿಗೆ ಅದು ಬರೀ ನೆಗಡಿ. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲೆಂದು ನುಂಗುವ ಗುಳಿಗೆಗಳು ನಮ್ಮ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಿರುತ್ತವೆ. ನಮ್ಮಲ್ಲಿ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಸಿಸ್ಟರ್ ಟೇಪು ಹಿಡಿದು ಬೆಂಚು ಅಳೆದರು. ಮಂಚದಿಂದ ಮಂಚಕ್ಕೆ ಹೋಗಿ, ಯಾರ ಪಕ್ಕ ಯಾರು ಕೂತಿದ್ದರೆಂದು ಕೇಳಿ ನಕ್ಷೆ ಬರೆದುಕೊಂಡರು. ವಾರ್ಡಿನವರು ಪರಸ್ಪರ ದೂರಿದರೆ, "ವೈರಸ್ಸಿಗೆ ಕಾಲಿಲ್ರಿ. ನಮ್ಮೊಳಗ ಯಾರೋ ಹೊತ್ಕೊಂಡು ಬಂದೇವಿ" ಎನ್ನುತ್ತಿದ್ದರು.

ಕೊನೆಗೆ ನನ್ನ ಮಂಚದ ಬಳಿ ಕುರ್ಚಿ ಎಳೆದು ಕೂತರು.

"ಆ ಮಂಗಳವಾರ ನಿಮಗ ನೆಗಡಿ ಇತ್ತೇನ್ರಿ?"

"ಇಲ್ರಿ."

"ಬೈಯಾಕ ಬಂದಿಲ್ಲ ನಾ. ಖರೇ ಹೇಳಿದ್ರ ಇನ್ನೂ ಒಂದಿಬ್ಬರು ಉಳೀತಾರ."

ಇತ್ತು. ಹೇಳಿದರೆ ವಾಪಸು ಕಳಿಸುತ್ತಾರೆ, ಇನ್ನೊಂದು ರಜೆ ಹೋಗುತ್ತದೆ ಎಂದು ಮುಚ್ಚಿಟ್ಟಿದ್ದೆ. ಕೆಮ್ಮು ಬಂದಾಗ ಮಾಸ್ಕ್ ಇಳಿಸಿದ್ದೆ. ಮಾಸ್ತರರು ತಮ್ಮ ಬಾಟಲಿಯ ನೀರು ಕೊಟ್ಟಿದ್ದರು. ಎಲ್ಲ ಹೇಳಿದೆ. ರಕ್ತಪರೀಕ್ಷೆಯ ಸರದಿಯಲ್ಲಿ ನನ್ನ ಹಿಂದೆ ಮುಂದೆ ನಿಂತಿದ್ದ ಇಬ್ಬರು ಯಾರೆಂದೂ ಹೇಳಿದೆ. ಸಿಸ್ಟರ್ ಆ ಮಧ್ಯಾಹ್ನವೇ ಅವರನ್ನು ಮನೆಯಿಂದ ಕರೆಸಿ ಔಷಧ ಶುರು ಮಾಡಿಸಿದರು. ಅವರು ಉಳಿದರು.

ಮಾಸ್ತರರು ಉಳಿಯಲಿಲ್ಲ. ಸುದ್ದಿ ಬಂದಾಗ ನಾನು ಉಪ್ಪಿಟ್ಟು ತಿನ್ನುತ್ತಿದ್ದೆ. ತಿಂದು ಮುಗಿಸಿದೆ. ಕೈ ತೊಳೆದೆ.

ಮನೆಗೆ ಹೊರಡುವ ದಿನ ಸಿಸ್ಟರ್ ತಾವು ಬರೆದ ವರದಿಯ ಹಾಳೆ ತೋರಿಸಿದರು. ಅದರಲ್ಲಿ 'ಒಬ್ಬ ರೋಗಿ' ಎಂದಷ್ಟೇ ಇತ್ತು.

"ನನ್ನ ಹೆಸರು ಬರೀಲಿಲ್ಲೇನ್ರಿ?"

"ಬರದ್ರ ಮುಂದ ಯಾರೂ ಖರೇ ಹೇಳಂಗಿಲ್ರಿ" ಎಂದು ಹಾಳೆ ಮಡಚಿದರು. ಆಮೇಲೆ ನಾವು ಕಾಯುವ ಕೋಣೆಗೆ ಕಿಟಕಿ ಇಡಿಸಿದರು. ಬಾಗಿಲಲ್ಲೇ ನೆಗಡಿ ಇದೆಯೇ ಎಂದು ಕೇಳಿ, ಇದ್ದವರನ್ನು ವಾಪಸು ಕಳಿಸದೆ ಬೇರೆ ಕೂರಿಸತೊಡಗಿದರು.

ಹೋದ ವರ್ಷ ಸಿಸ್ಟರ್ ಹೃದಯಾಘಾತದಿಂದ ತೀರಿಕೊಂಡರು. ನವನಗರದ ಅವರ ಮನೆಗೆ ಹೋದೆ. ಅವರ ಯಜಮಾನರು, "ಯಾರಂತ ಗೊತ್ತಾಗ್ಲಿಲ್ರಿ" ಎಂದರು. ಅವರ ಪೇಷಂಟ್ ಎಂದೆ. ಹೆಸರು ಕೇಳಿದರು. ಹೇಳಿದೆ.

"ಆಕಿ ಎಷ್ಟೋ ಪೇಷಂಟ್ ಸುದ್ದಿ ಹೇಳ್ತಿದ್ಲು. ನಿಮ್ಮ ಹೆಸರು ಮಾತ್ರ ಒಮ್ಮಿನೂ ತಗದಿಲ್ಲ ನೋಡ್ರಿ."

ನಾನು ತಲೆಯಾಡಿಸಿ ಜಮಖಾನದ ಮೇಲೆ ಕೂತೆ. ಅಳು ಬರಲಿಲ್ಲ.