ನನ್ನ ಹೆಸರಿನಲ್ಲೊಂದು ರೈಫಲ್

ಇಲ್ಲ ಎನ್ನಲು ನನಗೆ ಮೊದಲಿನಿಂದಲೂ ಬಾಯಿ ಬರುವುದಿಲ್ಲ. ಅದನ್ನು ದೊಡ್ಡ ಗುಣವೆಂದು ಮೈಸೂರಿನ ನಮ್ಮ ಮನೆಯವರು ಹೊಗಳುತ್ತಿದ್ದ ಕಾಲವೊಂದಿತ್ತು. ನನ್ನ ಹೆಂಡತಿ ಮಾತ್ರ ಅದನ್ನು ಕಾಯಿಲೆ ಎನ್ನುತ್ತಾಳೆ. ಆ ಶನಿವಾರ ಬೆಳಿಗ್ಗೆ ಡಾಲಸ್ ಪಕ್ಕದ ಫ್ಲವರ್ ಮೌಂಡಿನ ಮನೆಯಿಂದ ನಾನು ಹೊರಡುವಾಗ ಬಾಗಿಲಿಗೆ ಬಂದು, ನೋಡಿಕೊಂಡು ಬನ್ನಿ, ಏನಕ್ಕೂ ಸೈನ್ ಹಾಕಬೇಡಿ ಎಂದಳು. ನನ್ನ ಅಮೆರಿಕನ್ ಸಿಟಿಜನ್‌ಶಿಪ್ ಇಂಟರ್‌ವ್ಯೂಗೆ ಇನ್ನು ಮೂರೇ ವಾರವಿತ್ತು. ಹದಿನಾರು ವರ್ಷ ಕಾದು ಬಾಯಿಯವರೆಗೆ ಬಂದ ತುತ್ತು. ಅಂಥ ಹೊತ್ತಿನಲ್ಲಿ ನಾನು ಗೆಳೆಯನಿಗಾಗಿ ನನ್ನ ಹೆಸರಿನಲ್ಲಿ ರೈಫಲ್ ಕೊಳ್ಳಲು ಹೊರಟಿದ್ದೆ. ಹೆಂಡತಿಗೆ ಹೇಳಿದ್ದು, ಅವನು ಆರಿಸುತ್ತಾನೆ, ನಾನು ಜೊತೆಗೆ ಹೋಗುತ್ತೇನೆ ಎಂದಷ್ಟೇ.

ಗೆಳೆಯ ಹುಬ್ಬಳ್ಳಿಯವನು, ಪಕ್ಕದೂರು ಕ್ಯಾರಲ್ಟನ್‌ನಲ್ಲಿ ಮನೆ. ಒಂದೇ ಕಂಪನಿಯಲ್ಲಿ ಹತ್ತು ವರ್ಷ ಕೆಲಸ ಮಾಡಿದರೂ ನನ್ನನ್ನು ‘ಸರ’ ಎನ್ನುವುದನ್ನು ಬಿಟ್ಟಿಲ್ಲ. ಎರಡನೆಯ ಹೆರಿಗೆಯಲ್ಲಿ ನನ್ನ ಹೆಂಡತಿ ಸಾವಿನ ಬಾಗಿಲು ತಟ್ಟಿ ಬಂದಳು. ಆಗ ನಮ್ಮ ದೊಡ್ಡ ಮಗಳನ್ನು ಹನ್ನೊಂದು ದಿನ ತನ್ನ ಮನೆಯಲ್ಲಿಟ್ಟುಕೊಂಡಿದ್ದ; ಅವನ ಹೆಂಡತಿ ಜಡೆ ಹಾಕಿದರೆ ಇವನು ಸ್ಕೂಲಿಗೆ ಬಿಟ್ಟು ಕರೆತರುತ್ತಿದ್ದ. ಅದಾದ ಮೇಲೆ ಅವನು ಏನು ಕೇಳಿದರೂ ಇಲ್ಲ ಎನ್ನಲು ನನ್ನಂಥವನಿಗೆ ಸಾಧ್ಯವೇ?

ಅವನ ಆಸೆ ದೊಡ್ಡದೇನಲ್ಲ. ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ್ದಾಗ ಹೊಟ್ಟೆಯ ಮೇಲೆ ಮಲಗಿ ಪಾಯಿಂಟ್ ಟೂ ಟೂ ರೈಫಲ್‌ನಿಂದ ಐದು ಗುಂಡು ಹೊಡೆದಿದ್ದ. ಐದೂ ಅಂಗೈಯಗಲದಲ್ಲಿ ಬಿದ್ದಿದ್ದವಂತೆ. ಆ ಅಂಗೈಯಗಲ ಇಪ್ಪತ್ತು ವರ್ಷದಿಂದ ಅವನ ತಲೆಯಲ್ಲಿ ಕೂತಿತ್ತು. ಅಂಥದ್ದೇ ಒಂದು ರೈಫಲ್ ಬೇಕು, ಭಾನುವಾರ ಕಾಗದಕ್ಕೆ ಹೊಡೆಯಬೇಕು, ಅಷ್ಟೇ. ಆಫೀಸ್ ಕೆಲಸಕ್ಕೆ ಹ್ಯೂಸ್ಟನ್ನಿಗೆ ಹೋದರೂ ಆಸ್ಟಿನ್ನಿಗೆ ಹೋದರೂ ಅಲ್ಲಿನ ಬಂದೂಕಿನ ಅಂಗಡಿಯಲ್ಲಿ ಗಾಜಿಗೆ ಮೂಗು ಒತ್ತಿ ನಿಂತು ಬರುತ್ತಿದ್ದ.

ಅಡ್ಡಿಯಾಗಿದ್ದು ವೀಸಾ. ನನಗೆ ಗ್ರೀನ್ ಕಾರ್ಡ್ ಬಂದಿತ್ತು, ಅವನಿನ್ನೂ ಕ್ಯೂನಲ್ಲಿದ್ದ. ವೀಸಾದ ಮೇಲಿರುವವರು ಇಲ್ಲಿ ಬಂದೂಕು ಮುಟ್ಟುವ ಹಾಗಿಲ್ಲ ಎಂದು ಡಾಲಸ್ಸಿನ ಶೂಟಿಂಗ್ ರೇಂಜಿನವರು ಅವನನ್ನು ವಾಪಸ್ ಕಳಿಸಿದ್ದರು. ಒಂದು ದಾರಿಯನ್ನೂ ಅವರೇ ಹೇಳಿದ್ದರು: ಬೇಟೆಯ ಲೈಸೆನ್ಸ್ ತೆಗೆದುಕೊಂಡರೆ ವೀಸಾದವರೂ ಕೊಳ್ಳಬಹುದು, ಬೇಟೆಗೆ ಹೋಗಲೇಬೇಕೆಂದಿಲ್ಲ. ಮೀನಿನ ಗಾಳ ಮಾರುವ ಅಂಗಡಿಯಲ್ಲೇ ಸಿಗುತ್ತದೆ, ಹತ್ತು ನಿಮಿಷದ ಕೆಲಸ. ಇವನು ದಿನಾ ಬೆಳಿಗ್ಗೆ ಸ್ನಾನ ಮಾಡಿ, ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸಿದ ಮೇಲೆಯೇ ಚಹಾ ಕುಡಿಯುವವನು. ಕೇಕಿನಲ್ಲಿ ಮೊಟ್ಟೆ ಇದೆಯೇ ಎಂದು ನಾಲ್ಕು ಸಲ ಕೇಳುವವನು. ಕೊಲ್ಲುವ ಪರವಾನಿಗೆಯನ್ನು ಜೇಬಿನಲ್ಲಿಟ್ಟುಕೊಂಡು ಪೂಜೆಗೆ ಕೂರುವುದು ಹೇಗೆ ಎಂದು ಖಡಾಖಂಡಿತವಾಗಿ ಬೇಡವೆಂದ. ಬರೀ ಕಾಗದವಲ್ಲವೇ ಎಂದು ನಾನೆಂದರೆ, ಕಾಗದವಾದರೂ ಅದರ ಮೇಲೆ ಇರುವುದು ನನ್ನ ಹೆಸರಲ್ಲವೇ ಎಂದ. ನನ್ನ ಹೆಸರಿನ ಬಗ್ಗೆ ಅವನಿಗೆ ಅಷ್ಟು ಚಿಂತೆ ಇರಲಿಲ್ಲ.

ಹೀಗಾಗಿ ಎರಡು ಭಾನುವಾರ ರೇಂಜಿನಲ್ಲಿ ಅವನ ಪರವಾಗಿ ಬಾಡಿಗೆಯ ಬಂದೂಕುಗಳನ್ನು ಹಿಡಿದು ನೋಡಿದವನು ನಾನು. ಅವನು ದಪ್ಪ ಗಾಜಿನ ಆಚೆ ನಿಂತು, ಉಸಿರು ಬಿಡಿ, ಹಿಡಿಯಿರಿ, ಈಗ ಒತ್ತಿ ಎಂದು ಕೈಸನ್ನೆ ಮಾಡುತ್ತಿದ್ದ. ಪಾಯಿಂಟ್ ಟೂ ಟೂ ಗುಂಡು ಕಡಲೆಬೀಜಕ್ಕಿಂತ ತುಸು ಉದ್ದ, ಭುಜಕ್ಕೆ ಒದೆಯುವುದಿಲ್ಲ. ಮೊದಲ ವಾರ ಪಿಸ್ತೂಲು. ಹಗುರ, ಅಗ್ಗ, ಕಾರಿನಲ್ಲಿ ಒಯ್ಯಲು ಸುಲಭ. ಆದರೆ ಕೊಳವೆ ಗಿಡ್ಡ, ಕೈ ಕೂದಲೆಳೆಯಷ್ಟು ನಡುಗಿದರೂ ಕಾಗದದ ಮೇಲೆ ಗೇಣು ತಪ್ಪುತ್ತದೆ. ಏಳನೆಯ ಗುಂಡು ನಟ್ಟನಡುವೆ ಬಿತ್ತು. ನೋಡಿದಿರಾ ಎಂದು ಗಾಜಿನ ಕಡೆ ತಿರುಗಿದೆ. ಪಿಸ್ತೂಲೂ ನನ್ನ ಜೊತೆ ತಿರುಗಿತು. ರೇಂಜಿನವನು ಒಂದೇ ನೆಗೆತಕ್ಕೆ ಬಂದು ನನ್ನ ಮಣಿಕಟ್ಟನ್ನು ಹಿಡಿದು ಮುಂದಕ್ಕೆ ತಿರುಗಿಸಿದ. ಒಳಗಿನ್ನೂ ಮೂರು ಗುಂಡು ಇದ್ದವು. ಗಾಜಿನಾಚೆ ನನ್ನ ಗೆಳೆಯನ ಮುಖ ಸುಣ್ಣವಾಗಿತ್ತು.

ಪಿಸ್ತೂಲಿನ ಮಾತು ಅಲ್ಲಿಗೆ ಮುಗಿಯಿತು. ರೈಫಲ್ ಉದ್ದ, ಎರಡೂ ಕೈ ಬೇಕು, ನನ್ನಂಥ ಪೆದ್ದ ಥಟ್ಟನೆ ತಿರುಗಲಾರ. ಅದರಲ್ಲೂ ಒಂದೊಂದು ಗುಂಡಿಗೂ ಬೋಲ್ಟ್ ಎಂಬ ಅಗುಳಿಯನ್ನು ಹಿಂದಕ್ಕೆಳೆದು ಮುಂದಕ್ಕೆ ನೂಕಬೇಕಾದದ್ದೇ ಇರಲಿ, ಆತುರಕ್ಕೆ ಎಡೆಯಿರಬಾರದು ಎಂದು ಅವನು ತೀರ್ಮಾನಿಸಿದ. ಸರಿಯಾದ ತೀರ್ಮಾನವೇ. ವಾಪಸ್ ಬರುವಾಗ ಕಾರಿನಲ್ಲಿ ಮೆಲ್ಲಗೆ ಕೇಳಿದ.

“ಹೆಸರು ನಿಮ್ದಿರ್ಲಿ ಸರ, ಬಂದೂಕು ನನ್ನ ಮನ್ಯಾಗಿರ್ಲಿ. ಯಾರ್ ಕೇಳ್ತಾರ್ರಿ?”

ನಾನು ಆಯ್ತು ಎಂದೆ. ನಮ್ಮವರಲ್ಲಿ ಇದು ಹೊಸದೇನಲ್ಲ. ಒಬ್ಬರ ಹೋಲ್‌ಸೇಲ್ ಅಂಗಡಿಯ ಮೆಂಬರ್ ಕಾರ್ಡಿನಲ್ಲಿ ನಾಲ್ಕು ಮನೆಯ ಅಕ್ಕಿ ಬರುತ್ತದೆ, ಒಬ್ಬರ ಫೋನ್ ಪ್ಲಾನಿನಲ್ಲಿ ಇನ್ನೊಬ್ಬರ ಮಾವ ಮಾತಾಡುತ್ತಾರೆ. ಹೆಸರು ಕೊಡುವುದೆಂದರೆ ನಮಗೆ ಪಕ್ಕದ ಮನೆಗೆ ಒಂದು ಬಟ್ಟಲು ಸಕ್ಕರೆ ಕೊಟ್ಟ ಹಾಗೆ.

ಆ ಶನಿವಾರ ಬಂದೂಕಿನ ಅಂಗಡಿಯಲ್ಲಿದ್ದುದು ಎಪ್ಪತ್ತರ ಆಸುಪಾಸಿನ ಹೆಂಗಸು, ಮೂಗಿನ ತುದಿಯಲ್ಲಿ ಕನ್ನಡಕ. ಗೆಳೆಯ ಎರಡು ತಿಂಗಳಿಂದ ಫೋನಿನಲ್ಲಿ ನೋಡುತ್ತಿದ್ದ ರೈಫಲನ್ನು ಅವಳು ಹೊರಗೆ ತೆಗೆದಳು. ಅವನು ತಡೆಯಲಾಗದೆ ಕೈಚಾಚಿ ಇಸಿದುಕೊಂಡು ಭುಜಕ್ಕೆ ಒತ್ತಿ, ಕೆನ್ನೆ ತಾಗಿಸಿದ. ಅವನ ಕೆನ್ನೆಯನ್ನೂ ನನ್ನ ಖಾಲಿ ಕೈಯನ್ನೂ ಅವಳು ನೋಡಿದಳು. ಯಾರಿಗೆ ಎಂದು ಕೇಳಿದಳು. ನನಗೆ ಎಂದೆ. ಸರ್ಕಾರಿ ಫಾರ್ಮನ್ನು ನನ್ನ ಮುಂದಿಟ್ಟಳು.

ಹೆಸರು, ವಿಳಾಸ, ಗ್ರೀನ್ ಕಾರ್ಡಿನ ನಂಬರ್ ಎಲ್ಲವನ್ನೂ ಬರೆದೆ. ಇದೇ ನಂಬರಿನ ಫೈಲು ಇನ್ನೊಂದು ಆಫೀಸಿನಲ್ಲಿ ಮೂರು ವಾರದ ನಂತರದ ತಾರೀಖಿಗೆ ಕಾಯುತ್ತಿತ್ತು. ಆಮೇಲೆ ಆ ಪ್ರಶ್ನೆ ಬಂತು: ಈ ಬಂದೂಕನ್ನು ನಿಜವಾಗಿ ಕೊಳ್ಳುತ್ತಿರುವವರು ನೀವೇನಾ? ಅದರ ಕೆಳಗೇ ಎಚ್ಚರಿಕೆ, ಬೇರೆಯವರ ಪರವಾಗಿ ಕೊಳ್ಳುತ್ತಿದ್ದರೆ ಕೊಳ್ಳುವವರು ನೀವಲ್ಲ ಎಂದು. ಆ ಹೆಂಗಸು ಫಾರ್ಮಿನ ಮೇಲೆ ಆ ಸಾಲಿಗೇ ಬೆರಳಿಟ್ಟಳು. ಇದಕ್ಕೆ ಸುಳ್ಳು ಬರೆದು ಜೈಲಿಗೆ ಹೋದವರನ್ನು ತಾನು ಕಂಡಿದ್ದೇನೆ, ನಿಧಾನಕ್ಕೆ ಓದಿ ಎಂದಳು. ದನಿಯಲ್ಲಿ ಗದರಿಕೆಯಿರಲಿಲ್ಲ, ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

ಗೆಳೆಯನನ್ನು ನೋಡಿದೆ. ಅವನು ರೈಫಲನ್ನು ಇನ್ನೂ ಕೆಳಗಿಟ್ಟಿರಲಿಲ್ಲ.

“ಹೂಂ ಅಂತ ಬರದಬಿಡ್ರಿ ಸರ,” ಎಂದ.

ಪೆನ್ನು ಆ ಚೌಕದ ಮೇಲೆ ಎಷ್ಟು ಹೊತ್ತು ನಿಂತಿತ್ತೋ ಗೊತ್ತಿಲ್ಲ. ಹನ್ನೊಂದು ದಿನದ ಜಡೆ ಒಂದು ಕಡೆ, ಹದಿನಾರು ವರ್ಷದ ಕಾಯುವಿಕೆ ಒಂದು ಕಡೆ. ಪೆನ್ನನ್ನು ಕೆಳಗಿಟ್ಟೆ.

“ನನ್ನ ಕೈಲಿ ಆಗಲ್ಲ. ಬೇಜಾರ್ ಮಾಡ್ಕೋಬೇಡಿ,” ಎಂದೆ.

ಅವನು ಬೋಲ್ಟನ್ನು ಹಿಂದಕ್ಕೆಳೆದು, ಒಳಗೆ ಖಾಲಿಯೆಂದು ನೋಡಿ, ಕೊಳವೆ ಗೋಡೆಯ ಕಡೆಗಿರುವಂತೆ ರೈಫಲನ್ನು ಮೆಲ್ಲಗೆ ಕೌಂಟರಿನ ಮೇಲಿಟ್ಟ. ಎನ್‌ಸಿಸಿಯಲ್ಲಿ ಕಲಿಸಿದ್ದನ್ನು ಮರೆತಿರಲಿಲ್ಲ. ಕ್ಯಾರಲ್ಟನ್‌ವರೆಗೆ ನಾನೇ ಕಾರು ಓಡಿಸಿದೆ. ಮನೆಯ ಮುಂದೆ ಇಳಿದು, ಕಾರಿನ ಬಾಗಿಲು ಹಾಕುವ ಮುಂಚೆ ಅವನು ಒಂದೇ ಮಾತು ಹೇಳಿದ.

“ನಿಮ್ಮ ಮಗಳನ್ನ ಇಟ್ಕೊಂಡಾಗ ನಾ ಯಾವ ಫಾರ್ಮೂ ನೋಡಿರ್ಲಿಲ್ಲರಿ.”

ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಮೂರು ವಾರ ಅವನ ಫೋನಿಲ್ಲ. ನಾನು ಮಾಡಿದ್ದೇ ಸರಿ ಎಂದು ಹೆಂಡತಿ ದಿನಾ ಹೇಳಿದಳು, ದಿನಾ ಕೇಳಿದರೂ ಸಮಾಧಾನವಾಗಲಿಲ್ಲ.

ಇಂಟರ್‌ವ್ಯೂನ ದಿನ ಆಫೀಸರು ನನ್ನ ಅರ್ಜಿಯ ಪ್ರಶ್ನೆಗಳನ್ನು ಒಂದೊಂದಾಗಿ ಓದುತ್ತಾ ಹೋದರು. ನಾನು ಇಲ್ಲ, ಇಲ್ಲ, ಇಲ್ಲ ಎನ್ನುತ್ತಿದ್ದೆ. ಜೀವನದಲ್ಲಿ ಅಷ್ಟು ಸಲ ಇಲ್ಲವೆಂದದ್ದು ಅದೇ ಮೊದಲು. ಅಷ್ಟರಲ್ಲಿ ಕೇಳಿದರು: ನೀವು ಸಿಕ್ಕಿಬೀಳದೇ ಹೋದ ಅಪರಾಧವನ್ನೇನಾದರೂ ಎಂದಾದರೂ ಮಾಡಿದ್ದೀರಾ, ಮಾಡಲು ಒಪ್ಪಿದ್ದೀರಾ, ಪ್ರಯತ್ನಿಸಿದ್ದೀರಾ? ಅರ್ಜಿ ತುಂಬಿದಾಗ ಆ ಸಾಲನ್ನು ಕಣ್ಣಾಡಿಸಿ ದಾಟಿದ್ದೆ. ಈಗ ‘ಒಪ್ಪಿದ್ದೀರಾ’ ಎಂಬ ಮಾತು ಕಿವಿಯಲ್ಲೇ ನಿಂತಿತು. ಕಾರಿನಲ್ಲಿ ಆಯ್ತು ಎಂದವನು ನಾನೇ. ನನಗೆ ಎಂದು ಆ ಹೆಂಗಸಿಗೆ ಸುಳ್ಳು ಹೇಳಿದವನೂ ನಾನೇ. ಆಫೀಸರು ತಲೆಯೆತ್ತಿ ನೋಡಿದರು.

“ಇಲ್ಲ,” ಎಂದೆ. ಪಕ್ಕದಲ್ಲಿ ಅವರು ಸಣ್ಣದೊಂದು ಗುರುತು ಹಾಕಿಕೊಂಡರು.

ಪೌರತ್ವದ ಪ್ರಮಾಣವಚನ ಮುಗಿದ ಸಂಜೆ ಗೆಳೆಯ ಹೆಂಡತಿಯೊಂದಿಗೆ ಹೇಳದೆ ಕೇಳದೆ ಮನೆಗೆ ಬಂದ. ಕೈಯಲ್ಲಿ ಧಾರವಾಡ ಪೇಡೆಯ ಡಬ್ಬಿ. ಕೂತ ಮೇಲೆ ಪರ್ಸಿನಿಂದ ಮಡಿಚಿದ ಕಾಗದವೊಂದನ್ನು ತೆಗೆದು ನನ್ನ ಮುಂದೆ ಬಿಡಿಸಿದ. ಬೇಟೆಯ ಲೈಸೆನ್ಸ್. ಪೂಜೆಗೆ ಕೂರುವಾಗ ಪರ್ಸನ್ನು ಕಾರಿನಲ್ಲೇ ಬಿಟ್ಟು ಬರುತ್ತಾನಂತೆ. ರೈಫಲ್ ಆ ಹೆಂಗಸಿನ ಹತ್ತಿರವೇ ತಂದನಂತೆ, ಆ ಪ್ರಶ್ನೆಗೆ ಹೌದು ಎಂದು ತಾನೇ ಬರೆದನಂತೆ. ನನ್ನ ಮೇಲೆ ಅವನಿಗೆ ಸಿಟ್ಟು ಉಳಿದಿರಲಿಲ್ಲ, ಮುಖ ನೋಡಿದರೆ ತಿಳಿಯುತ್ತಿತ್ತು. ಒಂದು ಪೇಡೆಯನ್ನು ತೆಗೆದು ತಾನೇ ನನ್ನ ಬಾಯಿಗಿಟ್ಟ.

“ಅವತ್ತು ನೀವು ಸುಳ್ಳು ಬರೀಲಿಲ್ಲ ಸರ. ಅದನ್ನ ನೋಡೇ ನಾ ಲೈಸೆನ್ಸ್ ತಗೊಂಡೆ,” ಎಂದ.

ಬಾಯಿ ತುಂಬ ಪೇಡೆ ಇತ್ತು. ನನ್ನ ಹೆಂಡತಿ ನನ್ನತ್ತ ನೋಡಿ ಹೆಮ್ಮೆಯಿಂದ ನಕ್ಕಳು. ಇಲ್ಲ, ಆಫೀಸರ ಮುಂದೆ ಸುಳ್ಳು ಹೇಳಿಬಂದೆ ಎನ್ನಬೇಕಾದ ಆ ಒಂದು ಗಳಿಗೆಯಲ್ಲಿ ನಾನು ಎಂದಿನಂತೆ ತಲೆಯಾಡಿಸಿದೆ.