ಬಾಲದ ಬುಡದ ಹಳದಿ

ಎಡ್ನಾ ಕ್ಯಾಮಿಶ್ ಕೂತು ಚಹಾ ಕುಡಿದದ್ದನ್ನು ನಾನು ಹತ್ತೊಂಬತ್ತು ವರ್ಷದಿಂದ ನೋಡಿಲ್ಲ. ಅದಕ್ಕೂ ಮುಂಚೆ ಎಲ್ಲರ ಹಾಗೆ ಕೂರುತ್ತಿದ್ದಳು, ಬಿಸ್ಕತ್ತು ಅದ್ದಿ ತಿನ್ನುತ್ತಿದ್ದಳು. ಈಗ ಕಪ್ಪು ಹಿಡಿದು ಕಿಟಕಿಯ ಹತ್ತಿರ ನಿಲ್ಲುತ್ತಾಳೆ. ಎರಡು ಗುಟುಕಿಗೆ ಬೇಲಿಯಲ್ಲಿ ಏನೋ ಅಲ್ಲಾಡುತ್ತದೆ. ಕಪ್ಪು ಒಳಗೆ, ಇವಳು ಹೊರಗೆ. ಅವಳ ಮನೆಯಲ್ಲಿ ತಣ್ಣಗಾದ ಚಹಾ ಕಿಟಕಿಗೊಂದು ಸಿಗುತ್ತದೆ. ಪಕ್ಕದ ಮನೆಯವಳಾದ ನಾನು ಕಪ್ಪು ತೊಳೆದಿಟ್ಟು ಬೈದು ಬರುತ್ತೇನೆ.

ಕಡಲದಂಡೆಯ ನಮ್ಮೂರು ಕ್ರಾಗ್‌ಬಿಯಲ್ಲಿ ಮೂವತ್ತನಾಲ್ಕು ವರ್ಷ ಅಂಚೆ ಹಂಚಿದವಳು ಅವಳು. ಯಾರ ತೋಟದಲ್ಲಿ ಯಾವ ಗಿಡ, ಯಾವ ಗಿಡದಲ್ಲಿ ಯಾವ ಗೂಡು ಎಂಬುದು ಆ ಮನೆಯವರಿಗಿಂತ ಅವಳಿಗೇ ಚೆನ್ನಾಗಿ ಗೊತ್ತು. ಜನವರಿಯ ಕೊನೆಯಲ್ಲಿ ದೇಶವೆಲ್ಲ ಒಂದು ಗಂಟೆ ಕಿಟಕಿಯಲ್ಲಿ ಕೂತು ತಂತಮ್ಮ ತೋಟದ ಹಕ್ಕಿ ಎಣಿಸುತ್ತದಲ್ಲ, ಆಗ ಎಡ್ನಾ ಆರು ತೋಟ ಎಣಿಸುತ್ತಾಳೆ. ನನ್ನ ತೋಟದಲ್ಲಿ ನಾನು ನಾಲ್ಕು ಗುಬ್ಬಿ ಅಂದರೆ "ಏಳು ಕಣೇ, ಮೂರು ನಿನ್ನ ನೀರಿನ ಪೀಪಾಯಿ ಹಿಂದೆ ಇದಾವೆ" ಅನ್ನುತ್ತಾಳೆ. ಚಳಿಗಾಲ ಪೂರ್ತಿ, ತಿಂಗಳಿಗೊಂದು ಭಾನುವಾರ, ಉಬ್ಬರ ಏರಿ ಹಕ್ಕಿಗಳೆಲ್ಲ ದಡಕ್ಕೆ ಒತ್ತರಿಸಿದಾಗ ಕೊಲ್ಲಿಯ ಕೆಸರುದಂಡೆಯ ಎಣಿಕೆ. ಅಲ್ಲಿ ಬೂದುಬಣ್ಣದ ನಾಟ್ ಹಕ್ಕಿಗಳು ಸಾವಿರಗಟ್ಟಲೆ ಬಂದಿಳಿಯುತ್ತವೆ. ಮಾರ್ಚ್ ಮುಗಿಯುವಾಗ ವಲಸೆಯಿಂದ ಮರಳುವ ಮೊದಲ ಕವಲುತೋಕೆ ಹಕ್ಕಿಗಾಗಿ ದಂಡೆಯಲ್ಲಿ ಓಡಾಟ. ಬೇಸಿಗೆಯಲ್ಲಿ ರೀವ ಎಂಬ ಕಡಲಹಕ್ಕಿಗಳು ಬರಿಯ ಮರಳಿನ ಮೇಲೆ ಮೊಟ್ಟೆಯಿಡುತ್ತವೆ. ಅವನ್ನು ಯಾರೂ ತುಳಿಯದ ಹಾಗೆ ಹಗ್ಗ ಕಟ್ಟಿ ಕಾವಲು. ಅಕ್ಟೋಬರ್ ಬಂದು ಮೂಡಣ ಗಾಳಿ ಬೀಸಿತೋ, ಕೇಳಲೇಬೇಡಿ. ಸೈಬೀರಿಯಾ ಕಡೆಯಿಂದ ದಾರಿ ತಪ್ಪಿದ ಹಕ್ಕಿ ಯಾರ ಪೊದೆಯಲ್ಲಿ ಬಿದ್ದಿರುತ್ತದೋ ಎಂದು ಎಡ್ನಾ ಊಟವನ್ನೂ ನಡೆಯುತ್ತಲೇ ಮುಗಿಸುತ್ತಾಳೆ.

ಹತ್ತೊಂಬತ್ತು ವರ್ಷದ ಹಿಂದಿನ ಅಂಥದ್ದೇ ಒಂದು ಅಕ್ಟೋಬರಿನಲ್ಲಿ, ಪಾದ್ರಿಯ ಮನೆಯ ತೋಟದಲ್ಲಿ, ಕಾಗದ ಕೊಡಲು ಹೋದ ಎಡ್ನಾ ಒಬ್ಬಳೇ ಸೈಬೀರಿಯಾದ ಒಂದು ಉಲಿಯಕ್ಕಿಯನ್ನು ಕಂಡಳು. ಹೆಬ್ಬೆರಳಷ್ಟು ಹಕ್ಕಿ, ನೆತ್ತಿಯ ನಡುವೆ ಅಚ್ಚ ಹಳದಿ ಗೆರೆ. ನಮ್ಮ ಜಿಲ್ಲೆಯಲ್ಲಿ ಅಂಥದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಮರುದಿನ ಬೆಳಗಾಗುವಷ್ಟರಲ್ಲಿ ದೂರದೂರದಿಂದ ಮುನ್ನೂರು ಜನ ದುರ್ಬೀನು ಹಿಡಿದು ಬಂದು ಪಾದ್ರಿಯ ಹುಲ್ಲುಹಾಸು ಹಾಳುಮಾಡಿದರು. ಅವರಿಗೆ ಸಿಕ್ಕಿದ್ದು ಒಂದು ಚಿಫ್‌ಚಾಫ್. ಅದು ನಮ್ಮಲ್ಲಿ ಬೇಲಿಬೇಲಿಗೂ ಇರುವ ಮಾಮೂಲಿ ಉಲಿಯಕ್ಕಿ, ಅದನ್ನು ನೋಡಲು ಯಾರೂ ಬಸ್ಸು ಹತ್ತುವುದಿಲ್ಲ. ಆದರೂ ಎಡ್ನಾ ಎರಡು ಪುಟ ವರ್ಣನೆ ಬರೆದು ಕಳಿಸಿದಳು. ನಮ್ಮ ಹಕ್ಕಿ ಸಂಘದ ಸಮಿತಿ ಅದನ್ನು ಒಪ್ಪಿತು. ಅವಳ ಹೆಸರು ವರದಿಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಯಿತು.

ಒಪ್ಪದವನು ಒಬ್ಬನೇ, ಸಿಡ್ ಜೆಂಕಿನ್ಸನ್. ಏಡಿ ಹಿಡಿಯುವ ದೋಣಿಯವನು. ಇಪ್ಪತ್ತು ವರ್ಷ ಎಡ್ನಾಳ ಪಕ್ಕದಲ್ಲೇ ಕೂತು ಹಕ್ಕಿ ಎಣಿಸಿದವನು. ಒಬ್ಬರು ಕೂಗುವುದು, ಇನ್ನೊಬ್ಬರು ಬರೆದುಕೊಳ್ಳುವುದು. ಆ ದಿನ ಮಾತ್ರ ಅವನು ಸಮುದ್ರದ ಮೇಲಿದ್ದ. ಸಂಘದ ಸಭೆಯಲ್ಲಿ ಎದ್ದು ಹೇಳಿದ: "ಎಡ್ನಾ, ಬೇಜಾರು ಮಾಡ್ಕೋಬೇಡ. ಅದು ಹೂವಿನ ಪರಾಗ ಮೆತ್ಕೊಂಡಿರೋ ಚಿಫ್‌ಚಾಫೇ ಯಾಕಾಗಿರಬಾರ್ದು?"

"ಬಾಲದ ಬುಡಾನೂ ಹಳದಿ ಅಂತ ಬರ್ದಿದಾಳಲ್ಲಯ್ಯ," ಅಂದ ಹಿಂದಿನ ಸಾಲಿನ ಯಾರೋ. "ಹೂವಿಗೆ ಕುಂಡಿ ಉಜ್ಕೊಂಡು ಹೋಗುತ್ತಾ ನಿನ್ನ ಹಕ್ಕಿ?"

ಸಭೆ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಹೊಟ್ಟೆಕಿಚ್ಚು ಅಂದರು, ಏಡಿ ಹಿಡಿಯುವವನಿಗೇನು ಗೊತ್ತು ಅಂದರು. ಸಿಡ್ ಎಡ್ನಾಳ ಮುಖ ನೋಡಿದ. ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. ಅವನು ಟೋಪಿ ಹಾಕಿಕೊಂಡು ಹೋದವನು ಮತ್ತೆ ಸಂಘದ ಮೆಟ್ಟಿಲು ಹತ್ತಲಿಲ್ಲ. ಇಬ್ಬರೂ ಒಂದೇ ಬೇಕರಿಯಲ್ಲಿ ಬ್ರೆಡ್ಡು ತಗೊಳ್ಳುತ್ತಾರೆ, ಒಬ್ಬರು ಹೊರಬರುವವರೆಗೆ ಇನ್ನೊಬ್ಬರು ರಸ್ತೆಯಲ್ಲಿ ಕಾಯುತ್ತಾರೆ. ಗೆದ್ದವಳು ಎಡ್ನಾ, ಅವಳ ಕಾಲಿಗೆ ಚಕ್ರ ಬಂದದ್ದು ಮಾತ್ರ ಅಲ್ಲಿಂದಲೇ. ಗೆದ್ದವರಿಗೆ ಇದೆಂಥ ಚಡಪಡಿಕೆ ಎಂದು ನಾನು ಯೋಚಿಸಲಿಲ್ಲ. ಸಂಬಳ ಕೊಡುವವರಿಲ್ಲದಿದ್ದರೂ ದುಡಿದು ಸಾಯುತ್ತಾಳೆ ಎಂದು ಗೇಲಿ ಮಾಡಿಕೊಂಡಿದ್ದೆ, ಅಷ್ಟೇ.

ಈ ಅಕ್ಟೋಬರಿನ ಒಂದು ಸೋಮವಾರ ನಾನು ಬಟ್ಟೆ ಒಣಹಾಕುತ್ತಿದ್ದಾಗ ಗೋಡೆಯಾಚೆಯಿಂದ ಕೂಗಿದಳು. "ಲಲ್ಲೀ, ಬಾ ಇಲ್ಲಿ. ಹಾಗೇ ಬಾ, ಸದ್ದು ಮಾಡ್ಬೇಡ."

ಹೋದೆ. ಅವಳ ತೋಟದ ಮೂಲೆಯಲ್ಲಿ ಕೆಂಡದ ಬಣ್ಣದ ಉದ್ದ ಹೂಗೊಂಚಲಿನ ಗಿಡಗಳಿವೆ, ನಮ್ಮೂರಲ್ಲಿ ಕೆಂಡಸಲಾಕೆ ಅನ್ನುತ್ತಾರೆ. ಒಂದು ಪುಟ್ಟ ಹಕ್ಕಿ ಗೊಂಚಲಿಗೆ ಜೋತುಬಿದ್ದು, ಒಂದೊಂದೇ ಹೂವಿಗೆ ತಲೆ ತೂರಿಸುತ್ತಿತ್ತು. ತಲೆ ಹೊರಗೆ ತೆಗೆದಾಗ ನೆತ್ತಿಯ ಮೇಲೆ ಹಳದಿ ಗೆರೆ.

"ಅಯ್ಯೋ, ನಿನ್ ಹಕ್ಕಿ! ಮತ್ತೆ ಬಂತಲ್ಲೇ!" ಅಂದೆ.

"ಬೆಳಗ್ಗೆ ಎಂಟಕ್ಕೆ ನೋಡ್ದಾಗ ಗೆರೆ ಇರ್ಲಿಲ್ಲ," ಅಂದಳು ಎಡ್ನಾ. "ಚಿಫ್‌ಚಾಫ್ ಅದು. ಪಾದ್ರಿ ಮನೆ ಗೋಡೆಗುಂಟ ಇದೇ ಗಿಡ ಇತ್ತು."

ಮೂರು ದಿನ ಅವಳು ದಂಡೆಯ ಮೇಲೆ ಅತ್ತಿಂದಿತ್ತ ನಡೆದಳು. ದುರ್ಬೀನು ಕೊರಳಲ್ಲಿತ್ತು, ಒಮ್ಮೆಯೂ ಕಣ್ಣಿಗೆ ಏರಲಿಲ್ಲ. ಗುರುವಾರ ಸಂಘದ ಕಾರ್ಯದರ್ಶಿ ನೈಜೆಲ್‌ಗೆ ಬರೆದಳು: ನನ್ನ ದಾಖಲೆ ವಾಪಸ್ ತಗೊಳ್ಳುತ್ತೇನೆ. ಅವನು ಪಾಪ, ಅದೇ ಸಂಜೆ ಕೇಕು ಹಿಡಿದುಕೊಂಡು ಬಂದ.

"ತಲೆ ಹಳದಿ ಪರಾಗವೇ ಇರ್ಬೋದು, ಎಡ್ನಾ. ಬಾಲದ ಬುಡ? ಅಲ್ಲಿಗೆ ಪರಾಗ ಎಲ್ಲಿಂದ ಬರ್ಬೇಕು? ಸ್ಪಷ್ಟವಾಗಿ ಕಂಡೆ ಅಂತ ನೀವೇ ಬರ್ದಿದೀರಿ. ನಿಮ್ಮ ಹಕ್ಕಿಗೆ ಏನೂ ಆಗಲ್ಲ. ಸುಮ್ನೆ ತಲೆ ಕೆಡಿಸ್ಕೋಬೇಡಿ."

ಅವನು ಹೋದ ಮೇಲೆ ನಾನು ಕೇಕು ಕತ್ತರಿಸಿದೆ. "ಸದ್ಯ, ಮುಗೀತಲ್ಲ. ಇನ್ನಾದ್ರೂ ಕೂರ್ತೀಯಾ?"

"ಬಾಲದ ಬುಡ ನಾನು ನೋಡ್ಲೇ ಇಲ್ಲ ಲಲ್ಲೀ."

ಚಾಕು ನನ್ನ ಕೈಯಲ್ಲೇ ಇತ್ತು.

"ಮನೆಗೆ ಬಂದು ಪುಸ್ತಕ ತೆಗ್ದೆ. ಆ ಹಕ್ಕಿಗೆ ಬಾಲದ ಬುಡಾನೂ ಹಳದಿ ಅಂತಿತ್ತು. ನೆತ್ತಿ ಇತ್ತಲ್ಲ, ಇದೂ ಇದ್ದೇ ಇರುತ್ತೆ ಅಂತ ಬರ್ದೆ. ಬರೆದ್ಮೇಲೆ ಕಂಡಿದ್ದೆ ಅಂತ್ಲೇ ಅನ್ನಿಸ್ತು. ಸಿಡ್ ಎದ್ದು ನಿಂತಾಗ ಇಲ್ಲ ಅಂತ ಗೊತ್ತಾಯ್ತು. ಆಗ ಎಲ್ರೂ ನಗ್ತಿದ್ರಿ."

ನನಗೆ ಕೋಪ ಬಂತು. ಅವಳ ಮೇಲೋ, ಅವತ್ತು ನಕ್ಕ ನನ್ನ ಮೇಲೋ ಗೊತ್ತಿಲ್ಲ, ಕೂಗಾಡಿಬಿಟ್ಟೆ. ಬಾಯಿ ಮುಚ್ಚಿಕೊಂಡಿರು ಅಂದೆ. ಯಾಕೆಂದರೆ ಈಗ ಪಣಕ್ಕೆ ಬಿದ್ದಿರುವುದು ಒಂದು ಹಕ್ಕಿ ಅಲ್ಲ. ನಮ್ಮ ಕೆಸರುದಂಡೆಯನ್ನು ಅಗೆದು ಮೋಜಿನ ದೋಣಿ ನಿಲ್ಲಿಸುವ ಕಟ್ಟೆ ಮಾಡಬೇಕೆಂದು ಒಬ್ಬ ಗುತ್ತಿಗೆದಾರ ಎರಡು ಸಲ ಅರ್ಜಿ ಹಾಕಿದ್ದ. ಎರಡು ಸಲವೂ ಅದು ಬಿದ್ದದ್ದು ಎಡ್ನಾಳ ನಾಟ್ ಎಣಿಕೆಯಿಂದ. ಅವಳ ಮಾತೆಂದರೆ ಮಾತು ಎಂಬುದೇ ಆ ದಂಡೆಯ ಬೇಲಿ. ಇಲ್ಲದ್ದನ್ನು ಬರೆದವಳು ಎಂದಾದರೆ ಮೂರನೆಯ ಅರ್ಜಿಗೆ ಉತ್ತರ ಕೊಡುವವರಾರು?

"ಅದೇ ನನ್ನ ತಿಂತಿರೋದು," ಅಂದಳು. "ಹೇಳಿದ್ರೆ ದಂಡೆ ಹೋಗುತ್ತೆ. ಹೇಳ್ದೇ ಇದ್ದಿದ್ದಕ್ಕೆ ಸಿಡ್‌ನ ಹತ್ತೊಂಬತ್ತು ವರ್ಷ ಹೋಗಿದೆ."

ಆ ಹತ್ತೊಂಬತ್ತು ವರ್ಷದಲ್ಲಿ ನನ್ನ ನಗುವಿನ ಪಾಲೂ ಇತ್ತು. ಮರುದಿನ ಬೆಳಿಗ್ಗೆ ಸಿಡ್‌ನ ಮನೆಗೆ ಕಾರಿನಲ್ಲಿ ನಾನೇ ಅವಳನ್ನು ಕರೆದುಕೊಂಡು ಹೋದೆ. ಸಿಡ್ ಬಾಗಿಲಲ್ಲಿ ನಿಂತು ಅವಳನ್ನು ಮೇಲಿಂದ ಕೆಳಗೆ ನೋಡಿದ.

"ಏನ್ ಹುಡುಗೀ, ಅಂಚೆ ತಂದ್ಯಾ? ಲೇಟಾಯ್ತಲ್ಲ ಸ್ವಲ್ಪ."

"ಪರಾಗಾನೇ ಅದು, ಸಿಡ್."

"ಆಗುತ್ತೆ ಬಿಡು," ಅಂದ ಸಿಡ್. "ಎಂಥವರ ಕಣ್ಣೂ ಮೋಸಹೋಗುತ್ತೆ. ಬಾಲದ ಬುಡ?"

"ನೋಡಿರ್ಲಿಲ್ಲ. ಬರ್ದೆ."

ಅವನ ಮುಖದ ತಮಾಷೆ ಇಳಿಯಿತು. "ಇದು ಕಣ್ಣಿನ ತಪ್ಪಲ್ಲ ಎಡ್ನಾ."

"ಗೊತ್ತು. ಇವತ್ತು ಸಭೇಲಿ ಹೇಳ್ತೀನಿ. ನಿಂಗೆ ಮೊದ್ಲು ಹೇಳ್ಬೇಕಿತ್ತು."

"ಹಂಗಾರೆ ಹೇಳು," ಅಂದು ಬಾಗಿಲು ಹಾಕಿಕೊಂಡ. ಒಳಗೆ ಬಾ ಅನ್ನಲಿಲ್ಲ. ವಾಪಸ್ ಬರುವಾಗ ಎಡ್ನಾ ಕಾರಿನ ಬಾಗಿಲ ಹಿಡಿಯನ್ನು ಬಿಡಲೇ ಇಲ್ಲ.

ಸಂಜೆ ಸಭೆಯಲ್ಲಿ ಮೂವತ್ತು ಜನವಿದ್ದರು. ಎಡ್ನಾ ನಿಂತು ನಾಲ್ಕೇ ಮಾತಿನಲ್ಲಿ ಹೇಳಿಬಿಟ್ಟಳು. ನೆಪ ಹೇಳಲಿಲ್ಲ, ಅಳಲಿಲ್ಲ. ಅವತ್ತು ಕುಂಡಿಯ ಮಾತಾಡಿದವನು ನೆಲ ನೋಡುತ್ತಿದ್ದ. ನೈಜೆಲ್ ದಾಖಲೆ ತಿದ್ದುವ ನಮೂನೆ ತೆಗೆದ. ಅವನ ದನಿ ಸಣ್ಣಗಾಗಿತ್ತು.

"ನಾನು ಕೇಳ್ಲೇಬೇಕು, ಎಡ್ನಾ. ಉಳಿದ ಎಣಿಕೆಗಳ ಕತೆ? ನಿಮ್ ಜೊತೆ ನೋಡಿದವರು ಯಾರಾದ್ರೂ ಇದಾರಾ?"

"ಆ ವರ್ಷದವರೆಗಿನದಕ್ಕೆ ನಾನಿದೀನಿ."

ಎಲ್ಲರೂ ತಿರುಗಿದರು. ಸಿಡ್ ಬಾಗಿಲ ಹತ್ತಿರ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. "ಇಪ್ಪತ್ತು ವರ್ಷ. ಒಂದು ಹಕ್ಕೀನೂ ಹೆಚ್ಚಿಗೆ ಬರ್ದಿಲ್ಲ ಅವ್ಳು. ಎಲ್ಲಿ ಬೇಕೋ ಅಲ್ಲಿ ಸಹಿ ಹಾಕ್ತೀನಿ."

"ಅದಾದ್ಮೇಲಿನದಕ್ಕೆ?" ಎಂದು ನೈಜೆಲ್ ಕೇಳಿದ.

ಎಡ್ನಾ ಮೇಜಿನ ಅಂಚು ಹಿಡಿದುಕೊಂಡಳು. "ಆಮೇಲೆ ನನ್ ಪಕ್ಕ ಯಾರೂ ಇರ್ಲಿಲ್ಲ."

ನೈಜೆಲ್ ತಲೆಯೆತ್ತದೆ ಬರೆದ: ಹತ್ತೊಂಬತ್ತು ವರ್ಷದ ಎಣಿಕೆ, ಸಾಕ್ಷಿಯಿಲ್ಲ, ಬದಿಗಿಡಲಾಗಿದೆ. ಗುತ್ತಿಗೆದಾರನ ಎರಡೂ ಅರ್ಜಿಯನ್ನು ಬೀಳಿಸಿದ್ದು ಆ ಎಣಿಕೆಯೇ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಎಡ್ನಾ ಕಾಗದ ಎಳೆದುಕೊಂಡು, ಓದಿ, ಸಹಿ ಹಾಕಿದಳು.

ಸಿಡ್ ಮೇಜಿನವರೆಗೆ ನಡೆದು ಬಂದು ಆ ಸಾಲಿನ ಮೇಲೆ ಬೆರಳಿಟ್ಟ. "ಇಲ್ಲಿ ಇನ್ನೊಂದು ಸೇರ್ಸು. ಪಕ್ಕದಲ್ಲಿ ಇರ್ಬೇಕಾದವನು ನಾನು. ಒಂದು ವಾರ ಮುನಿಸ್ಕೊಂಡು ವಾಪಸ್ ಬರ್ಬೋದಿತ್ತು, ಬರ್ಲಿಲ್ಲ."

ನೈಜೆಲ್ ಪೆನ್ನು ಹಿಡಿದು ನಮೂನೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಅದನ್ನು ಬರೆಯುವುದಕ್ಕೆ ಅದರಲ್ಲಿ ಜಾಗವಿರಲಿಲ್ಲ.