ಬಿಳಿ ಹಾಳೆಯ ಆಕಾಶಬುಟ್ಟಿ

ಪುಕ್ಕಟೆ ಏನಾದರೂ ಕೊಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಪರದೇಶದ ಊರಾದ ನ್ಯೂಮಾರ್ಕೆಟ್‌ನಲ್ಲಿ ನಮ್ಮ ಪಕ್ಕದ ಮನೆಯ ಚೀನೀ ಮುದುಕ ಅವ್ವನಿಗೆ ಮೊದಲ ದಿನ ಒಂದು ಬಿದಿರುಕಡ್ಡಿ ಕೊಟ್ಟ, ಮರುದಿನ ಕೂರಲು ಕುರ್ಚಿ ಕೊಟ್ಟ. ಇದು ಎಲ್ಲಿಗೋ ಹೊರಟಿದೆ ಎಂದು ನನಗೆ ಆಗಲೇ ಅನಿಸಿತ್ತು.

ಅದು 2017ರ ಬೇಸಿಗೆ. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಧಾರವಾಡದಿಂದ ಕರೆಸಿಕೊಂಡಿದ್ದೆ. ನಾನು ವುಡ್‌ಬ್ರಿಡ್ಜ್‌ನ ಫ್ಯಾಕ್ಟರಿಗೆ, ಹೆಂಡತಿ ತನ್ನ ಆಫೀಸಿಗೆ ಹೋದರೆ ಅವ್ವ ಗೋಡೆ ನೋಡುತ್ತ ಕೂರಬೇಕಿತ್ತು. ಪಕ್ಕದ ಮುದುಕನೂ ಒಂಟಿ. ಮಗಳು ಭಾನುವಾರ ಮಾತ್ರ ಬಂದು ಹೋಗುತ್ತಿದ್ದಳು. ಅವನು ಗರಾಜಿನ ಬಾಗಿಲು ಮೇಲೆತ್ತಿ, ಬಿದಿರು ಸೀಳಿ, ಮೇಣದಬತ್ತಿಯ ಉರಿಗೆ ಹಿಡಿದು ಬಗ್ಗಿಸಿ, ಗುಂಡಗಿನ ಹಂದರ ಕಟ್ಟಿ, ಅದಕ್ಕೆ ಕೆಂಪು ಹಾಳೆ ಅಂಟಿಸುತ್ತಿದ್ದ. ಶರತ್ಕಾಲದ ಹುಣ್ಣಿಮೆಗೆ ಅವರಲ್ಲಿ ದೊಡ್ಡ ಹಬ್ಬವಂತೆ, ಮಕ್ಕಳು ಆ ಲಾಟೀನು ಹಿಡಿದು ತಿರುಗುತ್ತಾರಂತೆ. ದೀಪಾವಳಿಗೆ ಆಕಾಶಬುಟ್ಟಿ ಕಟ್ಟುತ್ತಲೇ ಬೆಳೆದ ಅವ್ವ ಅದನ್ನು ನೋಡಿ ಸುಮ್ಮನಿರುವವಳಲ್ಲ. ಹೋಗಿ ಕೂತೇಬಿಟ್ಟಳು. ಅವನಿಗೆ ಇಂಗ್ಲಿಷ್ ಬಾರದು, ಇವಳಿಗೆ ಕನ್ನಡ ಬಿಟ್ಟು ಬೇರೇನೂ ಬಾರದು. ಆದರೂ ಮಧ್ಯಾಹ್ನವೆಲ್ಲ ಏನು ಮಾತು, ಏನು ನಗು!

ನನ್ನ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಈ ಮುದುಕನಿಗೆ ಏನು ಬೇಕಾಗಿದೆ? ಬಿಟ್ಟಿ ಆಳು ಸಿಕ್ಕಿತೆಂದು ದುಡಿಸಿಕೊಳ್ಳುತ್ತಿದ್ದಾನೆಯೆ? ನೋಡಿದ ಜನ ಏನೆಂದುಕೊಂಡಾರು? ನಮ್ಮ ಬೀದಿಯಲ್ಲಿ ಅಂದುಕೊಳ್ಳುವ ಜನವೇ ಇರಲಿಲ್ಲ, ಅದು ಬೇರೆ ಮಾತು.

"ನಿಮಗ ದೇವರ ಮ್ಯಾಲೂ ಡೌಟ್ ಇರ್ತದ ನೋಡ್ರಿ," ಎಂದು ಹೆಂಡತಿ ನಕ್ಕಳು.

ನಗುವವರು ನಗಲಿ ಎಂದು ನಾನು ಅವ್ವನಿಗೆ ಗರಾಜಿನ ಕಡೆ ಹೋಗಬೇಡ ಎಂದು ಖಡಾಖಂಡಿತವಾಗಿ ಹೇಳಿದೆ. ಅವ್ವ ಜಗಳ ಆಡಲಿಲ್ಲ. ತಾನು ಕಟ್ಟಿದ್ದ ಎರಡು ಬರಿ ಹಂದರಗಳನ್ನು ತಂದು ಮೂಲೆಗಿಟ್ಟಳು. ಆಮೇಲೆ ಕಿಟಕಿಯಿಂದ ಅವ್ವ ಗರಾಜು ನೋಡುವುದು, ಗರಾಜಿನಿಂದ ಮುದುಕ ಕಿಟಕಿ ನೋಡುವುದು, ರಜೆಯ ದಿನ ನಾನು ಇಬ್ಬರನ್ನೂ ನೋಡುವುದು, ಇಷ್ಟೇ ಆಯಿತು.

ದೀಪಾವಳಿ ಹತ್ತಿರ ಬಂದಾಗ ಅವ್ವ ಬ್ಯಾಗು ತುಂಬಿದಳು. "ಈ ಹಬ್ಬಾ ಜಾರ್ಜ್‌ಟೌನಿನ್ಯಾಗ ನಿನ್ನ ತಂಗಿ ಮನ್ಯಾಗ ಮಾಡ್ತೀನಿ. ಅದು ಮುಗದ ಕೂಡ್ಲೆ ನನ್ನ ಟಿಕೆಟ್ ಬುಕ್ ಮಾಡು, ಊರಿಗೆ ಹೋಗ್ತೀನಿ. ಇಲ್ಲಿ ಯಾರಿಗೆ ಬೇಕಾಗೇನಿ ನಾ?"

ಅವಳು ಹೋಗುವುದು ನನಗೆ ಸುತರಾಂ ಬೇಡವಾಗಿತ್ತು. ಆದರೆ ಅವಳ ತಲೆ ಕೆಡಿಸಿದ್ದು ಆ ಮುದುಕನೇ ಎಂದು ಸಿಟ್ಟೆಲ್ಲ ಅವನ ಮೇಲೆ ಹೋಯಿತು.

ಅವ್ವ ತಂಗಿಯ ಮನೆಯಿಂದ ವಾಪಸು ಬಂದಾಗ ಖುಷಿಯಾಗಲಿ ಎಂದು ನಾನೇ ಆಕಾಶಬುಟ್ಟಿ ಮಾಡಲು ಕೂತೆ. ಅವಳ ಹಂದರ ಎರಡೂ ಇದ್ದವು. ಕೆಂಪು ಹಾಳೆ ಹಚ್ಚಿದರೆ ಅದು ಪಕ್ಕದ ಮನೆಯದೇ ಆದೀತು ಎಂದು ಅಪ್ಪ ತರುತ್ತಿದ್ದಂಥ ಬಿಳಿ ಹಾಳೆ ತಂದು ಅಂಟಿಸಿದೆ. ಬಾಗಿಲಿನ ಎಡಕ್ಕೊಂದು ಬಲಕ್ಕೊಂದು ತೂಗುಹಾಕಿ, ಒಳಗೆ ಬಲ್ಬು ಹಚ್ಚಿ, ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮುದುಕ ಹೊರಗೆ ಬಂದವನು ಅವನ್ನು ನೋಡಿ ನಿಂತುಬಿಟ್ಟ. ಮುಖ ಬಿಳಿಚಿಕೊಂಡಿತು. ಸ್ವಲ್ಪ ಹೊತ್ತಿಗೆ ತನ್ನ ಬಾಗಿಲಲ್ಲಿದ್ದ ಕೆಂಪು ಲಾಟೀನುಗಳನ್ನೆಲ್ಲ ಇಳಿಸಿ ಒಳಗೆ ಒಯ್ದ.

"ನೋಡಿದ್ಯಾ? ನಮ್ಮ ಹಬ್ಬಾ ಕಂಡ್ರ ಹೊಟ್ಟಿ ಉರೀತದ ಅವಗ," ಎಂದು ಹೆಂಡತಿಗೆ ತೋರಿಸಿದೆ.

ಮರುದಿನ ಅವನೇ ಬಾಗಿಲು ತಟ್ಟಿದ. ಕಪ್ಪು ಕೋಟು, ಎರಡೂ ಕೈಯಲ್ಲಿ ಬಿಳಿ ಸೇವಂತಿಗೆ. ಸೊಂಟ ಬಗ್ಗಿಸಿ ನಮಸ್ಕರಿಸಿದ. ಹೆಂಡತಿ ರೇಷ್ಮೆ ಸೀರೆಯಲ್ಲಿ ಓಡಿ ಬಂದು, "ಅಯ್ಯ, ಹಬ್ಬಕ್ಕಂತ ಹೂವು ತಂದಾರ್ರೀ!" ಎಂದು ಹಿಗ್ಗಿ ಅರ್ಧ ಲಕ್ಷ್ಮಿಗೆ ಏರಿಸಿದಳು, ಒಂದನ್ನು ತಾನೇ ಮುಡಿದಳು. ಚಕ್ಕುಲಿ, ಉಂಡಿಯ ತಟ್ಟೆ ಮುಂದೆ ಹಿಡಿದಳು. ಮುದುಕ ತಟ್ಟೆ ಮುಟ್ಟಲಿಲ್ಲ. ನಮ್ಮ ಹೊಸ ಬಟ್ಟೆ ನೋಡಿದ, ನಗು ನೋಡಿದ, ಮನೆಯೊಳಗೆಲ್ಲ ಇಣುಕಿದ. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಅವನನ್ನು ನೋಡುತ್ತಿದ್ದದ್ದು ಹಾಗೆಯೇ.

ಭಾನುವಾರ ತಂಗಿ ಅವ್ವನನ್ನು ಬಿಟ್ಟುಹೋಗಲು ಬಂದಳು. ಅವ್ವ ಕಾರಿನಿಂದ ಇಳಿದದ್ದೇ ತಡ, ಗರಾಜಿನಲ್ಲಿ ಏನೋ ಬಿದ್ದ ಸದ್ದಾಯಿತು. ಮುದುಕ ಚಪ್ಪಲಿಯಿಲ್ಲದೆ ಓಡಿಬಂದು ಅವ್ವನ ಕೈ ಹಿಡಿದು ಒತ್ತಿ ಒತ್ತಿ ನೋಡಿದ. ಆಮೇಲೆ ಹೋ ಎಂದು ಅತ್ತ. ಹಿಂದೆಯೇ ಬಂದ ಅವನ ಮಗಳು ನಮ್ಮ ಬುಟ್ಟಿಗಳನ್ನು ತೋರಿಸಿ ಇಂಗ್ಲಿಷಿನಲ್ಲಿ ಹೇಳಿದಳು. ಬಾಗಿಲಿನ ಎರಡೂ ಕಡೆ ಬಿಳಿ ಲಾಟೀನು ತೂಗಿದರೆ ಅವರಲ್ಲಿ ಆ ಮನೆಯಲ್ಲಿ ಸಾವಾಗಿದೆ ಎಂದರ್ಥ. ಸಾವಿನ ಮನೆಯ ಪಕ್ಕದಲ್ಲಿ ಕೆಂಪು ಉರಿಸಬಾರದೆಂದು ಅವನು ತನ್ನವನ್ನು ಇಳಿಸಿದ್ದ. ಆ ಹೂವು ಅವ್ವನಿಗೆ ತಂದದ್ದಾಗಿತ್ತು.

"ಏನಂತಾಳಲೇ ಆಕಿ?" ಎಂದಳು ಅವ್ವ. ನಾನು ಕನ್ನಡದಲ್ಲಿ ಹೇಳಿದೆ. ಅವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಮಗಳು ಇನ್ನೊಂದು ಮಾತು ಸೇರಿಸಿದಳು. ತಾಯಿ ಹೋದದ್ದಕ್ಕೆ ಈ ಮನೆಯವರು ಸಿಹಿ ಹಂಚುತ್ತಿದ್ದಾರೆ ಎಂದು ತನ್ನಪ್ಪ ಊಟ ಬಿಟ್ಟಿದ್ದ ಎಂದಳು. ಅದನ್ನು ಹೇಳದೆ ನುಂಗೋಣವೆಂದುಕೊಂಡೆ. ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಹೇಳಿದೆ.

ಅವಳು ನಗಲಿಲ್ಲ. "ಹಂಗ ಯಾಕ ಅನಿಸ್ತಂತ ಅವಗ? ಕೇಳು," ಎಂದಳು.

ನಾನು ಕೇಳಲಿಲ್ಲ.

"ಇರ್ಲಿ ಬಿಡು. ನಾ ಸತ್ತೇನಂತ ಉಣ್ಣೂದು ಬಿಟ್ಟಾಂವ ಒಬ್ಬ ಇದ್ದಾನಲ್ಲ ಈ ಊರಾಗ. ಟಿಕೆಟ್ ಬ್ಯಾಡ ತಗಿ," ಎಂದು ಬ್ಯಾಗನ್ನು ನನ್ನ ಕೈಗೆ ಕೊಟ್ಟು, ಅವ್ವ ಮುದುಕನ ಜೊತೆ ಗರಾಜಿನ ಕಡೆ ನಡೆದಳು.